ಕಿಟಕಿ ಅಕ್ಕನ ಅರವತ್ತು ಮಂದಿ

ವಿಶ್ವವಿದ್ಯಾಲಯದ ಪ್ರವೇಶ ವಿಭಾಗದಲ್ಲಿ ಮೂರು ಕಿಟಕಿಗಳಿದ್ದವು. ಮೂರನೆಯದರ ಹಿಂದೆ ಇಪ್ಪತ್ತಮೂರನೆಯ ವಯಸ್ಸಿಗೆ ಗುಮಾಸ್ತೆಯಾಗಿ ಬಂದು ಕೂತವಳು ಹದಿನಾಲ್ಕು ವರ್ಷ ಅಲ್ಲೇ ಬೇರೂರಿದಳು. ಗಾಜಿನಲ್ಲಿ ಮಾತಾಡಲೆಂದು ಕೊರೆದಿದ್ದ ತೂತು ಎಷ್ಟು ಕೆಳಗಿತ್ತೆಂದರೆ, ಅರ್ಜಿ ಹಿಡಿದು ಬಂದವರು ಸೊಂಟ ಬಗ್ಗಿಸದೆ ಒಂದು ಮಾತನ್ನೂ ಕೇಳುವಂತಿರಲಿಲ್ಲ. ಅವಳು ಮಾತ್ರ ಎದ್ದು ಪಕ್ಕದ ಬಾಗಿಲಿನಿಂದ ಹೊರಗೆ ಬಂದು, "ಏನಾಯ್ತು, ಹೇಳಿ" ಎಂದು ಬಂದವರ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಹುಡುಗ ಹುಡುಗಿಯರು 'ಕಿಟಕಿ ಅಕ್ಕ' ಎಂದರು. ಜೊತೆಗಾರರು ಮೊದಮೊದಲು ನಕ್ಕರು, ಆಮೇಲೆ ಅವರ ಬಾಯಿಗೂ ಅದೇ ಹೆಸರು ಹತ್ತಿತು.

ಅವಳು ಹಾಗೆ ಎದ್ದು ಬರುವುದಕ್ಕೆ ಕಾರಣವಿತ್ತು. ಅವಳ ತಾಯಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಕೆಲಸದವಳು. ಮಗಳ ಕಾಲೇಜಿನ ಅರ್ಜಿ ಎರಡು ಸಲ ವಾಪಸು ಬಂದಿತ್ತು, 'ತಂದೆಯ ಸಹಿ' ಎಂಬ ಜಾಗ ಖಾಲಿ ಇದೆಯೆಂದು. "ಸತ್ತು ಆರು ವರ್ಷ ಆಯ್ತು, ಅವರ ಸಹಿ ಎಲ್ಲಿಂದ ತರ್ಲಿ" ಎಂದು ತಾಯಿ ಕೇಳಿದ್ದಕ್ಕೆ, ಆಗಿನ ಗುಮಾಸ್ತ ತಲೆ ಎತ್ತದೆ, "ಮುಂದಿನವರು ಬನ್ನಿ" ಎಂದಿದ್ದ. ಮೂರನೆಯ ಸಲ ಬೇರೊಬ್ಬ ಗುಮಾಸ್ತ ಕೂತಿದ್ದರಿಂದ ಅರ್ಜಿ ದಾಟಿತು. ತನ್ನ ಓದು ಅಂಥ ಒಂದು ಅದೃಷ್ಟದಿಂದ ಆದದ್ದೆಂಬುದನ್ನು ಅವಳು ಮರೆಯಲಿಲ್ಲ.

ವಿಭಾಗದ ಮೂಲೆಯಲ್ಲಿ ಬೂದು ಬಣ್ಣದ ಕಬ್ಬಿಣದ ಕಪಾಟೊಂದಿತ್ತು. ಅದರ ಮೇಲೆ 'ಅಪೂರ್ಣ' ಎಂಬ ಚೀಟಿ. ಏನಾದರೊಂದು ಕೊರತೆಯಿರುವ ಅರ್ಜಿಗಳು ಅದರೊಳಗೆ ಬೀಳುತ್ತಿದ್ದವು, ವರ್ಷದ ಕೊನೆಗೆ ರದ್ದಿಗೆ ಹೋಗುತ್ತಿದ್ದವು. ಒಂದು ವರ್ಷ ಗೋಡೆಗೆ ಬಣ್ಣ ಹೊಡೆಯಲೆಂದು ಕಿಟಕಿಗಳನ್ನು ಒಂದು ವಾರ ಮುಚ್ಚಿದರು. ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಕಪಾಟು ತೆರೆದು ಒಂದೊಂದಾಗಿ ಓದತೊಡಗಿದಳು. ಒಟ್ಟು ಆರುನೂರ ಹನ್ನೆರಡು. ಅವುಗಳಲ್ಲಿ ನಾನೂರ ಎಂಬತ್ತೆಂಟು ಮಂದಿಗೆ ಸೀಟಿಗೆ ಬೇಕಾದಷ್ಟು ಅಂಕಗಳಿದ್ದವು. ಕೊರತೆಯೆಲ್ಲ ಬೇರೆ. ಒಬ್ಬಳ ಭಾವಚಿತ್ರದ ಅಳತೆ ಸರಿಯಿಲ್ಲ, ಇನ್ನೊಬ್ಬ ಕಪ್ಪು ಶಾಯಿಯ ಬದಲು ನೀಲಿಯಲ್ಲಿ ಬರೆದಿದ್ದಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ ಎಂದುಕೊಂಡಳು.

ಆ ಕಂತೆಯಲ್ಲಿ ಮೂವತ್ತನಾಲ್ಕು ವರ್ಷದ ಬಸ್ ಕಂಡಕ್ಟರ್ ಹೆಂಗಸೊಬ್ಬಳ ಅರ್ಜಿಯಿತ್ತು. ಶಾಲೆಯ ಮೊಹರು ಇರಲಿಲ್ಲ, ಬದಲಿಗೆ ಒಂದು ಪತ್ರ ಲಗತ್ತಿಸಿದ್ದಳು. 'ನಾನು ಓದಿದ ಶಾಲೆ ಮುಚ್ಚಿದೆ. ಆ ಜಾಗದಲ್ಲಿ ಈಗ ಸಿಮೆಂಟಿನ ಗೋದಾಮು ಇದೆ. ಗೋದಾಮಿನವರ ಮೊಹರು ಹಾಕಿಸಿದರೆ ನಡೆಯುತ್ತದೆಯೇ, ದಯವಿಟ್ಟು ತಿಳಿಸಿ.' ಕಿಟಕಿ ಅಕ್ಕ ಜೋರಾಗಿ ನಕ್ಕಳು. ಆ ಪತ್ರಕ್ಕೆ ಯಾರೂ ಉತ್ತರ ಬರೆದಿಲ್ಲವೆಂಬುದು ಹೊಳೆದಾಗ ನಗು ಅರ್ಧಕ್ಕೇ ನಿಂತಿತು.

ಕಂತೆಯನ್ನು ಎರಡು ಕೈಯಲ್ಲಿ ಹೊತ್ತು ವಿಭಾಗದ ಮುಖ್ಯಸ್ಥರ ಮೇಜಿನ ಮೇಲಿಟ್ಟಳು. ಕೆಟ್ಟ ಮನುಷ್ಯರಲ್ಲ, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ.

"ನಾವು ಬಾಗಿಲು ಕಾಯೋರಮ್ಮ" ಎಂದರು.

"ಕಾಯೋರು ಒಂದೊಂದ್ಸಲ ತೆಗೀಲೂ ಬೇಕಲ್ವಾ ಸಾರ್?"

"ನಾನು ಹೋದ್ಮೇಲೆ ಈ ಕುರ್ಚಿಗೆ ನೀನೇ ಅರ್ಜಿ ಹಾಕು" ಎಂದು ಅವರು ಕನ್ನಡಕ ಒರೆಸಿದರು. ತಮಾಷೆಗೆ ಹೇಳಿದರೋ ನಿಜಕ್ಕೋ, ಅವಳು ನಿಜವೆಂದೇ ಹಿಡಿದಳು. ಗಡಿಯಾರ ರಿಪೇರಿಯ ಅಂಗಡಿಯಿಟ್ಟಿದ್ದ ಗಂಡ ಕಣ್ಣಿನಿಂದ ಭೂತಗನ್ನಡಿ ತೆಗೆಯದೆಯೇ ಅಭಿಪ್ರಾಯ ಕೊಟ್ಟ: "ಹಾಕು. ಸಿಗದಿದ್ರೆ ನಿನ್ನ ಕಿಟಕಿ ಎಲ್ಲಿಗೂ ಓಡಿಹೋಗಲ್ಲ."

ಎರಡು ವರ್ಷದ ಮೇಲೆ ಕುರ್ಚಿ ಸಿಕ್ಕಿತು. ಆ ಕಂತೆಯನ್ನು ಅಲ್ಲಿಯವರೆಗೆ ರದ್ದಿಗೆ ಹೋಗಗೊಡದೆ ಕಪಾಟಿನಲ್ಲೇ ಉಳಿಸಿಕೊಂಡಿದ್ದಳು. ಮೊದಲ ವಾರವೇ ಬಡಗಿಯನ್ನು ಕರೆಸಿ ಮೂರು ಕಿಟಕಿಗಳ ಗಾಜನ್ನೂ ತೆಗೆಸಿ, ಉದ್ದದ ಮೇಜು ಹಾಕಿಸಿ, ಎರಡೂ ಕಡೆ ಕುರ್ಚಿ ಇರಿಸಿದಳು. ಹನ್ನೊಂದು ಪುಟದ ಅರ್ಜಿಯನ್ನು ಎರಡು ಪುಟಕ್ಕೆ ಇಳಿಸಿದಳು. ಇಷ್ಟಕ್ಕೆ ಯಾರೂ ತಕರಾರು ಮಾಡಲಿಲ್ಲ. ತಕರಾರು ಎದ್ದದ್ದು ಶೈಕ್ಷಣಿಕ ಮಂಡಳಿಯ ಸಭೆಯಲ್ಲಿ, ಅಪೂರ್ಣದ ಕಪಾಟಿನಿಂದ ಅರವತ್ತು ಮಂದಿಯನ್ನು ಈ ವರ್ಷವೇ ಸೇರಿಸಿಕೊಳ್ಳೋಣ ಎಂದು ಅವಳು ಕೇಳಿದಾಗ.

ಗಣಿತದ ಪ್ರಾಧ್ಯಾಪಕರು ಎದ್ದು ನಿಂತರು. ಒಣಕಲು ಮೈ, ಖಡಕ್ ಮಾತು. ಅವರು ಎದ್ದರೆ ಸಭೆಯಲ್ಲಿ ಕೆಮ್ಮು ಕೂಡ ನಿಲ್ಲುತ್ತಿತ್ತು. "ಕಾಗದ ಸರಿಯಾಗಿ ತುಂಬಲಾರದವರು ಪಾಠ ಹೇಗೆ ತಲೆಗೆ ತುಂಬಿಕೊಳ್ತಾರೆ? ಮಟ್ಟ ಒಂದ್ಸಲ ಇಳಿದ್ರೆ ಮತ್ತೆ ಹತ್ತಲ್ಲ."

ಅವಳು ಅವರತ್ತ ತಿರುಗಿದಳು. "ಇಳಿಯುತ್ತೋ ಇಲ್ವೋ ನೀವೇ ಅಳೆದು ನೋಡಿ ಸಾರ್. ಉತ್ತರಪತ್ರಿಕೆ ಮೇಲೆ ಹೆಸರು ಬೇಡ, ಬರೀ ನಂಬರು ಇರ್ಲಿ. ಯಾವ ನಂಬರು ನನ್ನ ಅರವತ್ತು ಮಂದೀದು, ಯಾವುದು ಉಳಿದೋರದು ಅಂತ ನಿಮಗೂ ಗೊತ್ತಾಗಬಾರದು, ನನಗೂ ಗೊತ್ತಾಗಬಾರದು. ವರ್ಷದ ಕೊನೆಗೆ ಪಟ್ಟಿ ಬಿಚ್ಚೋಣ. ಸೋತ್ರೆ ಈ ಮಾತು ಇನ್ನೊಮ್ಮೆ ಎತ್ತಲ್ಲ."

"ಒಪ್ಪಿದೆ" ಎಂದರು ಪ್ರಾಧ್ಯಾಪಕರು. ಲೆಕ್ಕದ ಮನುಷ್ಯರಿಗೆ ಅಳತೆಯ ಮಾತು ಹಿಡಿಸಿತ್ತು.

ಕಂಡಕ್ಟರಿಗೆ ಕಿಟಕಿ ಅಕ್ಕ ತಾನೇ ಫೋನ್ ಮಾಡಿದಳು. ಆ ಕಡೆ ಬಸ್ಸಿನ ಗದ್ದಲ. "ಗೋದಾಮಿನ ಮೊಹರು ಬೇಡಮ್ಮ. ಬಂದು ಸೇರ್ಕೊಳ್ಳಿ" ಎಂದಳು. ಆ ಕಡೆಯಿಂದ, "ಮೇಡಂ, ಒಂದು ನಿಮಿಷ, ಸ್ಟಾಪ್ ಬಂತು" ಎಂಬ ದನಿ, ಅದರಲ್ಲಿ ಅಳುವೂ ಸೇರಿತ್ತು.

ಮೊದಲ ಅರ್ಧ ವರ್ಷದ ಪರೀಕ್ಷೆಯಲ್ಲಿ ಆ ಅರವತ್ತು ಮಂದಿ ಹಂಚಿಹೋಗಿದ್ದ ತರಗತಿಗಳಲ್ಲಿ ಐವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಗಣಿತದಲ್ಲಿ ಬಿದ್ದರು. ಬಿದ್ದವರಲ್ಲಿ ಕಂಡಕ್ಟರೂ ಇದ್ದಳು, ತಾನೇ ಬಂದು ತಲೆ ತಗ್ಗಿಸಿ ಹೇಳಿಹೋದಳು. ಅದೇ ವಾರ ಪ್ರಾಧ್ಯಾಪಕರು ಪ್ರವೇಶ ವಿಭಾಗಕ್ಕೆ ನಡೆದು ಬಂದರು. ನಾ ಹೇಳಲಿಲ್ಲವೇ ಎಂದು ಹಂಗಿಸಲು ಬಂದಿದ್ದಾರೆಂದೇ ಕಿಟಕಿ ಅಕ್ಕ ತಿಳಿದಳು. ಅವರು ಮೇಜಿನ ಈಚೆಯ ಕುರ್ಚಿಯಲ್ಲಿ ಕೂತರು.

"ಬಿದ್ದವರ ಪತ್ರಿಕೆಗಳನ್ನ ಎರಡೆರಡು ಸಲ ನೋಡಿದೆ" ಎಂದರು. "ತಪ್ಪೆಲ್ಲ ಒಂದೇ ಜಾಗದಲ್ಲಿವೆ. ಇವರಿಗೆ ಲೆಕ್ಕ ಬರಲ್ಲ ಅಂತಲ್ಲ, ಬೀಜಗಣಿತದ ಒಂದಿಡೀ ವರ್ಷದ ಪಾಠ ಇವರಿಗೆ ಯಾರೂ ಮಾಡೇ ಇಲ್ಲ. ಹಗ್ಗ ಕೊಡದೆ ಬಾವಿಯಿಂದ ನೀರು ಸೇದಿ ಅಂದಂಗಾಗಿದೆ. ಬೆಳಿಗ್ಗೆ ಏಳಕ್ಕೆ ಒಂದು ಕೋಣೆ ಕೊಡಿಸಿ. ಬಿದ್ದವರು, ಗೆದ್ದವರು, ಯಾರು ಬೇಕಾದ್ರೂ ಬರಲಿ."

ಅವಳು ಖಾಲಿ ಕೋಣೆಯೊಂದರ ಬೀಗದ ಕೈಯನ್ನು ಅಲ್ಲೇ ಅವರ ಕೈಗಿಟ್ಟಳು.

ಕಂಡಕ್ಟರು ಮಧ್ಯಾಹ್ನದ ಪಾಳಿಗೆ ಬದಲಾಯಿಸಿಕೊಂಡು, ತರಗತಿ ಮುಗಿದ ಕೂಡಲೇ ಡಿಪೋಗೆ ಓಡಲು ಸುಲಭವಾಗಲೆಂದು ಸಮವಸ್ತ್ರದಲ್ಲೇ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಒಂದು ದಿನ ಪ್ರಾಧ್ಯಾಪಕರು ಹಲಗೆಯ ಮೇಲೆ ಕೂಡಿಸುವಾಗ ತಪ್ಪಿದರು. "ಸಾರ್, ಎಂಟು ಕಮ್ಮಿ ಆಯ್ತು" ಎಂದಳು. ಅವರು ತಿರುಗಿ ನೋಡಿ, "ನಿನ್ನ ಬಸ್ಸಲ್ಲಿ ಯಾರೂ ಟಿಕೆಟ್ ಇಲ್ದೆ ಹೋಗಿರಲಿಕ್ಕಿಲ್ಲ" ಎಂದರು. ಆ ಮನುಷ್ಯ ತಮಾಷೆ ಮಾಡಿದ್ದನ್ನು ಆ ಕಟ್ಟಡ ಅದೇ ಮೊದಲು ಕೇಳಿತು.

ವರ್ಷದ ಕೊನೆಯ ಸಭೆಯಲ್ಲಿ ಪಟ್ಟಿ ಬಿಚ್ಚುವ ಹೊತ್ತು ಬಂತು. ಓದಲು ಪ್ರಾಧ್ಯಾಪಕರೇ ಎದ್ದರು. ಕಿಟಕಿ ಅಕ್ಕ ಮೇಜಿನ ಕೆಳಗೆ ಬೆರಳುಗಳನ್ನು ಹೆಣೆದುಕೊಂಡು ಕೂತಳು.

"ಅರವತ್ತರಲ್ಲಿ ಇಬ್ಬರು ಮಧ್ಯದಲ್ಲಿ ಬಿಟ್ಟರು, ಒಬ್ಬ ಕಾಯಿಲೆ ಬಿದ್ದ. ಉಳಿದ ಐವತ್ತೇಳೂ ಪಾಸು" ಎಂದು ನಿಲ್ಲಿಸಿದರು. "ವಿಶ್ವವಿದ್ಯಾಲಯದ ಮೊದಲ ನೂರು ಸ್ಥಾನಗಳಲ್ಲಿ ಹದಿನಾಲ್ಕು ಇವರವು. ಗಣಿತದಲ್ಲಿ ಮೂರನೇ ಸ್ಥಾನ ಬಸ್ ಕಂಡಕ್ಟರದ್ದು. ಆ ಪತ್ರಿಕೆಗೆ ನಾನೇ ಅಂಕ ಕೊಟ್ಟಿದ್ದೆ, ಯಾರೋ ಪ್ರಾಧ್ಯಾಪಕರ ಮಗಳದಿರಬೇಕು ಅಂದ್ಕೊಂಡಿದ್ದೆ." ಕಾಗದ ಮಡಚಿದರು. "ನಾನು ಮಟ್ಟದ ಮಾತಾಡಿದ್ದೆ. ಅಳೆದಾಯ್ತು. ಮುಂದಿನ ವರ್ಷ ಆರುನೂರು ತಗೊಳ್ಳಿ ಅಂತ ನಾನೇ ಸೂಚಿಸ್ತೀನಿ."

ಒಂದು ಕೈಯೂ ಕೆಳಗುಳಿಯಲಿಲ್ಲ. ಅವಳು ಎದ್ದು ಎಲ್ಲರಿಗೂ ಕೈಮುಗಿದಳು. ಮನೆಗೆ ಹೋಗಿ ತಾಯಿಗೆ ಹೇಳಿದಾಗ ಆ ಮುದುಕಿ ಸುದ್ದಿ ಪೂರ್ತಿ ಕೇಳಿ, "ಆ ಸಹಿ ಕೇಳಿದವನು ಬದುಕಿದ್ರೆ ಒಂದು ಕಾಗದ ಬರಿ" ಎಂದಳು.

ಆಮೇಲಿನ ವರ್ಷಗಳಲ್ಲಿ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡಳು. ಗ್ರಂಥಾಲಯದ ಹಳೆಯ ವ್ಯಾನೊಂದನ್ನು ಪ್ರವೇಶ ಕಚೇರಿ ಮಾಡಿ ಊರೂರು ತಿರುಗಿಸಿದಳು, ಕಾರ್ಖಾನೆಗಳ ಗೇಟಿನ ಮುಂದೆ, ಸಂತೆಯ ಬದಿಯಲ್ಲಿ ನಿಲ್ಲಿಸಿದಳು. ಗಣಿತದ ಪ್ರಾಧ್ಯಾಪಕರು ನಿವೃತ್ತರಾದ ಮೇಲೆ ಚಾಲಕನ ಪಕ್ಕದ ಸೀಟು ತಮ್ಮದೆಂದು ಹಟ ಹಿಡಿದರು. ಬೇರೆ ಏಳು ವಿಶ್ವವಿದ್ಯಾಲಯಗಳು ಎರಡು ಪುಟದ ಅರ್ಜಿಯನ್ನು ಕೇಳಿ ತರಿಸಿಕೊಂಡವು. ಅವಳು ನಿವೃತ್ತಳಾಗುವ ವರ್ಷ, ಹೊಸದಾಗಿ ಸೇರಿದ ಪ್ರತಿ ಹತ್ತು ಮಂದಿಯಲ್ಲಿ ನಾಲ್ವರು ತಮ್ಮ ಮನೆಯಿಂದ ಕಾಲೇಜಿಗೆ ಬಂದ ಮೊದಲಿಗರು.

ಅದೇ ವರ್ಷ, ಪ್ರವೇಶದ ಕೊನೆಯ ದಿನ ಕಲ್ಲು ಕೆತ್ತುವವನೊಬ್ಬ ಮಗಳ ಜೊತೆ ಮೇಜಿನ ಮುಂದೆ ಬಂದು ಕೂತ. ಐವತ್ತೆರಡು ವರ್ಷ, ಬೆರಳ ಸಂದಿಯಲ್ಲಿ ಕಲ್ಲಿನ ಪುಡಿ. ಅರ್ಜಿ ಎರಡಿದ್ದವು.

"ಒಂದು ನಂದು" ಎಂದ, ತಪ್ಪು ಒಪ್ಪಿಕೊಳ್ಳುವವನಂತೆ. "ಮೇಡಂ, ಇವಳನ್ನೂ ನನ್ನನ್ನೂ ಒಂದೇ ಕ್ಲಾಸಲ್ಲಿ ಹಾಕಬೇಡಿ. ಇವಳಿಗೆ ನನಗಿಂತ ಜಾಸ್ತಿ ಅಂಕ ಬಂದ್ರೆ ಮನೇಲಿ ನನ್ನ ಮಾತು ಯಾರು ಕೇಳ್ತಾರೆ?"

"ಈಗ್ಲೂ ಯಾರು ಕೇಳ್ತಾರಪ್ಪಾ" ಎಂದಳು ಮಗಳು.

ಕಿಟಕಿ ಅಕ್ಕ ನಗುತ್ತಲೇ ಎರಡೂ ಅರ್ಜಿಗಳನ್ನು ಓದಿದಳು. ಅಪ್ಪನಿಗೆ ಇತಿಹಾಸ, ಮಗಳಿಗೆ ಭೌತಶಾಸ್ತ್ರ. ಇಬ್ಬರಿಗೂ ಸೀಟು ಬರೆದು, ಇಬ್ಬರ ಕೈಯನ್ನೂ ಕುಲುಕಿ, ತರಗತಿಗಳು ಸೋಮವಾರ ಒಂಬತ್ತಕ್ಕೆ ಶುರುವಾಗುತ್ತವೆ, ತಡ ಮಾಡಬೇಡಿ ಎಂದಳು.