ಹತ್ತುಮೀನಿನ ಜಾಗ

ನನಗೆ ಕೋಪ ಮೂಗಿನ ತುದಿಯಲ್ಲೇ. ನಮ್ಮನೆಯವರಿಗೆ ಅದು ಮದುವೆಯಾದ ತಿಂಗಳಲ್ಲೇ ಗೊತ್ತಾಯ್ತು, ಪಾಪ. ಕಳಸದಿಂದಾಚೆ ಭದ್ರಾ ಹೊಳೆ ದಾಟಿ ಸಿಗುವ ಆ ನಾಲ್ಕು ಮನೆ ಊರಿಗೆ ಗೊತ್ತಾಗಲು ಮಾತ್ರ ಏಳೆಂಟು ವರ್ಷ ಬೇಕಾಯ್ತು.

ನಾವು ಅಲ್ಲಿ ಚೂರು ತೋಟ ತಗೊಂಡದ್ದು ತೊಂಬತ್ತರ ದಶಕದ ನಡುವಿನಲ್ಲಿ. ಅಲ್ಲೀತನಕ ನಮ್ಮನೆಯವರು ಮೂಡಿಗೆರೆ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಅತ್ತೆಯದ್ದು ಇನ್ನೊಂದು ಕತೆ. ಮದುವೆಯಾಗಿ ಹೋದ ಊರೇ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿತ್ತು. ಆಮೇಲೆ ಆಯಸ್ಸೆಲ್ಲ ಯಾರದ್ದೋ ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ ಕಳೆದವರು. "ಸಾಯೋದ್ರೊಳಗೆ ನಂದು ಅಂತ ಒಂದು ಊರು ಬೇಕು ಕಣೋ" ಅಂತ ಮಗನ ಹತ್ತಿರ ಹೇಳಿ ಹೇಳಿ, ಕೊನೆಗೆ ಈ ಊರಿಗೆ ಬಂದರು.

ಊರು ಅಂದರೆ ಎಂತದ್ದು? ಹಿಂದೆ ಗುಡ್ಡ, ಮುಂದೆ ಹೊಳೆ. ಗುಡ್ಡದಿಂದ ಒಂದು ಹಳ್ಳ ಇಳಿದು, ಗದ್ದೆಗಳ ನಡುವೆ ಹರಿದು ಹೊಳೆ ಸೇರುತ್ತದೆ. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ಮೊಟ್ಟೆ ಇಡಲು ಇದೇ ಹಳ್ಳದಲ್ಲಿ ಮೇಲೆ ಹತ್ತಿ ಬರುತ್ತವೆ. ಹತ್ತುಮೀನು ಅನ್ನುವುದು ಅದಕ್ಕೇ. ನೀರು ಹರಿಯುವ ಕಂಡಿಗೆ ಬಿದಿರಿನ ಕೂಣಿ ಇಟ್ಟು ಮಲಗಿದರೆ ಬೆಳಿಗ್ಗೆ ಅದರೊಳಗೆ ಮೀನು ಪಟಪಟ ಅನ್ನುತ್ತಿರುತ್ತವೆ.

ಆದರೆ ಎಲ್ಲಿ ಬೇಕಾದರಲ್ಲಿ ಕೂಣಿ ಇಡುವಂತಿಲ್ಲ ಮಾರಾಯ್ರೆ. ಹೊಳೆಗೆ ಹತ್ತಿರದ ಕಂಡಿ ಕೆಳಮನೆಯವರದ್ದು. ಅವರ ಹಿರಿಯರು ಘಟ್ಟ ಹತ್ತಿ ಎಲ್ಲರಿಗಿಂತ ಮೊದಲು ಬಂದವರು. ಅದರ ಮೇಲಿನದು ಅವರಿಂದ ಪಾಲಾಗಿ ಹೋದ ತಮ್ಮನ ಮನೆಯದ್ದು. ಅದರ ಮೇಲೆ, ಹೆಣ್ಣು ಕೇಳಲು ಬಂದು ಇಲ್ಲೇ ಉಳಿದ ಅಳಿಯನ ಮನೆಯದ್ದು. ಕೆಳಗಿನವರು ಹಳ್ಳಕ್ಕೆ ಪೂರ್ತಿ ಅಡ್ಡ ಕಟ್ಟಬಾರದು, ಮೇಲಿನವರಿಗೂ ಮೀನು ಬಿಡಬೇಕು. ಯಾರು ಯಾವಾಗ ಬಂದರು, ಯಾರಿಗೆ ಯಾರು ಏನಾಗಬೇಕು ಅನ್ನುವುದೆಲ್ಲ ಹಳ್ಳದ ದಡದಲ್ಲಿ ನಡೆದರೆ ತಿಳಿಯುತ್ತಿತ್ತು. ನಾಲ್ಕನೆಯ ಮನೆ ನಮ್ಮದು. ನಮಗೆ ಜಾಗ ಇರಲಿಲ್ಲ.

ಜಾಗ ಇರಲಿಲ್ಲ ಅಷ್ಟೇ, ಮೀನಿಗೇನೂ ಬರವಿಲ್ಲ. ಮೊದಲ ವರ್ಷವೇ ಕೆಳಮನೆ ದೊಡ್ಡಮ್ಮ ಬಾಳೆಲೆಯಲ್ಲಿ ಮೊಟ್ಟೆ ತುಂಬಿದ ಮೀನು ಸುತ್ತಿ ಕಳಿಸಿದರು. ಆಮೇಲೆ ಉಳಿದ ಮನೆಗಳಿಂದಲೂ ಬಂತು. ನನಗೋ ಖುಷಿ. ವಾಟೆಹುಳಿ ಹಾಕಿ ಸಾರು ಮಾಡಿ, ಅಕ್ಕಿರೊಟ್ಟಿ ತಟ್ಟಿ ಅತ್ತೆಯ ಮುಂದಿಟ್ಟರೆ ಅವರ ಮುಖ ಊದಿಕೊಂಡಿತ್ತು.

"ಬೇಡ ನಂಗೆ."

"ಅಯ್ಯೋ, ಎಂತಕ್ಕೆ?"

"ಇದು ನೆಂಟರಿಗೆ ಕೊಡೋ ಮೀನು. ಊರವ್ರಿಗೆ ಯಾರೂ ಮೀನು ಕೊಡಲ್ಲ, ಜಾಗ ಕೊಡ್ತಾರೆ. ಮುಳುಗಿದ ಊರಲ್ಲಿ ನಮಗೂ ಒಂದು ಕಂಡಿ ಇತ್ತು ಕಣೇ."

ಹಾಗಂದವರು ಆಮೇಲೆ ಎರಡು ಸಲ ಸಾರು ಹಾಕಿಸಿಕೊಂಡರು, ಅದು ಬೇರೆ ಮಾತು. ಪ್ರತಿ ಮಳೆಗಾಲವೂ ಇದೇ ರಗಳೆ. ಬಾಳೆಲೆ ಬರುವುದು, ಅತ್ತೆ ಮುಖ ಊದಿಸುವುದು, ಆಮೇಲೆ ಉಣ್ಣುವುದು. "ನಾನೇ ಹೋಗಿ ಕೇಳ್ತೀನಿ" ಅಂತ ನಾನು ಸೆರಗು ಸಿಕ್ಕಿಸಿದರೆ ಮನೆಯವರು ಕೈ ಹಿಡಿದು ಕೂರಿಸುತ್ತಿದ್ದರು. ಅದೆಲ್ಲ ಕೇಳಿ ಪಡೆಯುವಂಥದ್ದಲ್ಲವಂತೆ. ಹಾಗೆ ನೋಡಿದರೆ ಊರಿನವರು ಬಂಗಾರದಂಥವರು. ನಾಟಿಗೆ ನಾವು ಅವರಲ್ಲಿಗೆ, ಕಾಫಿ ಕೊಯ್ಲಿಗೆ ಅವರು ನಮ್ಮಲ್ಲಿಗೆ. ಹರಟೆಗಂತೂ ದಿನಾ ಅವರ ಜಗಲಿ. ನನಗೆ ಅಲ್ಲಿ ಸುಖವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಎರಡು ಸಾವಿರ ಇಸವಿ ದಾಟಿದ ಮೇಲೆ ಒಂದು ಬೇಸಿಗೆಯಲ್ಲಿ ಅತ್ತೆ ತೀರಿಕೊಂಡರು. ಕಾಯಿಲೆ ಇಲ್ಲ ಕಸಾಲೆ ಇಲ್ಲ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಊರಿನ ಗಂಡಸರೇ ಬಂದು ನಮ್ಮ ತೋಟದ ಮೂಲೆಯಲ್ಲಿ ಗುಂಡಿ ತೋಡಿ ಮಣ್ಣು ಮಾಡಿದರು. ಕೆಳಮನೆ ದೊಡ್ಡಮ್ಮ ತಿಥಿ ಮುಗಿಯುವವರೆಗೂ ನಮ್ಮ ಅಡುಗೆಮನೆಯಲ್ಲೇ ಇದ್ದರು.

ಆ ಜೂನಿನಲ್ಲಿ ಮೊದಲ ದೊಡ್ಡ ಮಳೆ ಬಂತು. ಬೆಳಿಗ್ಗೆ ಎಲ್ಲರ ಮನೆಯಿಂದಲೂ ಮೀನು ಸಾರಿನ ಪರಿಮಳ. ನಮ್ಮ ಮನೆಗೆ ಒಂದೂ ಬಾಳೆಲೆ ಬರಲಿಲ್ಲ. ಮಧ್ಯಾಹ್ನದವರೆಗೆ ಕಾದೆ. ಅತ್ತೆ ಹೋದದ್ದೇ ತಡ, ನಾವು ಯಾರಿಗೂ ಬೇಡವಾದೆವಾ? ಮನೆಯವರು ತೋಟದಿಂದ ಬಂದು ತಡೆಯುವ ಮೊದಲೇ ಕೊಡೆಯನ್ನೂ ಹಿಡಿಯದೆ ಕೆಳಮನೆಗೆ ನಡೆದೆ.

"ದೊಡ್ಡಮ್ಮ, ನಮ್ಮಿಂದ ಎಂತ ತಪ್ಪಾಯ್ತು? ಬಾಯಿಬಿಟ್ಟು ಹೇಳಿ!"

ದೊಡ್ಡಮ್ಮ ಎಲೆಅಡಿಕೆ ಜಗಿಯುವುದು ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ಅವರಿಗೂ ಕೋಪ ಬಂತು.

"ನಾನು ಕೇಳ್ಬೇಕು ಅದನ್ನ! ಅಳಿಯನ ಮನೆ ಕಂಡಿ ಮೇಲೆ ನಿಮಗೆ ಅಂತ ಒಂದು ಕಂಡಿ ಬಿಡಿಸಿ ಇಟ್ಟಿದೀವಿ. ಒಬ್ಬರಾದ್ರೂ ಕೂಣಿ ತಗೊಂಡು ಬಂದ್ರಾ? ರಾತ್ರಿಯೆಲ್ಲ ಮೀನು ಸುಮ್ಮನೆ ಮೇಲೆ ಹೋಯ್ತು ಮಾರಾಯ್ತಿ!"

"ನಮಗಾ? ಯಾರೂ ಹೇಳ್ಲೇ ಇಲ್ಲ!"

"ಹೇಳೋದೆಂತ ಅದನ್ನ? ನಿಮ್ಮತ್ತೆ ಈ ಮಣ್ಣಲ್ಲಿ ಮಲಗಿಲ್ವಾ? ಇನ್ನೆಂತ ನೆಂಟರು ನೀವು? ಊರೋರಿಗೆ ಯಾರಾದ್ರೂ ಎಲೆಲಿ ಸುತ್ತಿ ಮೀನು ಕಳಿಸ್ತಾರಾ?"

ಅಲ್ಲೇ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ. ದೊಡ್ಡಮ್ಮ ತಲೆ ಒರೆಸಿ, ಅವರದ್ದೇ ಹಳೆಯ ಕೂಣಿಯೊಂದನ್ನು ಅಟ್ಟದಿಂದ ಇಳಿಸಿ ಕೊಟ್ಟು, "ಇವತ್ತೂ ಮಳೆ ಇದೆ, ಹೋಗು" ಅಂತ ಗದರಿದರು.

ಸಂಜೆ ಬೆಳಕಿರುವಾಗಲೇ ನಾವಿಬ್ಬರೂ ಹಳ್ಳಕ್ಕೆ ಹೋದೆವು. ಕಂಡಿಯ ಎರಡೂ ಬದಿಗೆ ಕಲ್ಲು ಜೋಡಿಸಿ, ಕಸ ತೆಗೆದು ಚೊಕ್ಕ ಮಾಡಿಟ್ಟಿದ್ದರು. ಮನೆಯವರು ಮೊಣಕಾಲು ನೀರಿನಲ್ಲಿ ನಿಂತು ಕೂಣಿ ಇಟ್ಟರು. ಇಟ್ಟವರು ಮೇಲೆ ಬರಲಿಲ್ಲ.

"ಅವ್ವ ಒಂದು ವರ್ಷ ಹೆಚ್ಚು ಇದ್ದಿದ್ರೆ ಇದನ್ನ ನೋಡ್ತಿದ್ಲು" ಅಂದರು.

"ಇದ್ದಿದ್ರೆ ಇವತ್ತೂ ನಮಗೆ ಬಾಳೆಲೆ ಮೀನೇ ಬರ್ತಿತ್ತು, ಮೇಲೆ ಬನ್ನಿ" ಅಂದೆ.