ಟಗರು ಬಾರದ ಬೆಟ್ಟ

ಮೊನ್ನೆ ಇಬ್ರಾದಿಂದ ಬೌಷರಿಗೆ ಮರಳುವಾಗ, ಈ ಅರಬ್ ನಾಡಿನಲ್ಲಿ ಅಪರೂಪವಾದ ಮಳೆ ಬಂತು. ಕಾರಿನ ಗಾಜು ಇಳಿಸಿದೆ. ನೆನೆದ ಕಲ್ಲುಮಣ್ಣಿನ ವಾಸನೆ ಒಳಗೆ ಬಂದದ್ದೇ ತಡ, ನಮ್ಮ ಬೈಬಲ್ ಕ್ಲಾಸಿನ ಟೀಚರ್ ನೆನಪಾದರು...

ಆಗ ನನಗೆ ಒಂಬತ್ತು ವರ್ಷ. ಟೀಚರ್ ಉಡುಪಿ ಕಡೆಯವರು. ಇಲ್ಲಿ ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಚರ್ಚಿನ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ ನಮಗೆ ಪಾಠ ಹೇಳುತ್ತಿದ್ದರು. ಅವರ ಗಂಡ ರುಸೈಲ್‌ನ ಕಾರ್ಖಾನೆಯೊಂದರಲ್ಲಿ ಮೆಕ್ಯಾನಿಕ್. ಒಂದು ಬುಧವಾರ ಯಂತ್ರ ರಿಪೇರಿಗೆಂದು ಇಬ್ರಾ ಕಡೆ ಹೋದವರು ಮರಳಲಿಲ್ಲ. ಬೆಟ್ಟದಲ್ಲಿ ಮಳೆ ಸುರಿದು, ವರ್ಷವಿಡೀ ಒಣಗಿ ಬಿದ್ದಿರುವ, ಇಲ್ಲಿಯವರು ವಾದಿ ಎನ್ನುವ ಹಳ್ಳ ಒಮ್ಮೆಲೇ ತುಂಬಿ ಹರಿದಿತ್ತು. ಗುರುವಾರ ಅವರ ಖಾಲಿ ಪಿಕಪ್ ಗಾಡಿ ಮಾತ್ರ ಸಿಕ್ಕಿತು.

ಶುಕ್ರವಾರ ಕ್ಲಾಸ್ ಇರುವುದಿಲ್ಲ ಅಂದುಕೊಂಡಿದ್ದೆವು. ಟೀಚರ್ ಬಂದರು. ಕಣ್ಣು ಊದಿತ್ತು. ದೇವರ ಅಪ್ಪಣೆಯಂತೆ ಅಬ್ರಹಾಮ ಮಗನನ್ನು ಬಲಿ ಕೊಡಲು ಬೆಟ್ಟಕ್ಕೆ ಕರೆದೊಯ್ದ ಕಥೆ ಅಂದಿನ ಪಾಠ. ಬೇರೆ ಪಾಠ ಆರಿಸಬಹುದಿತ್ತು, ಆರಿಸಲಿಲ್ಲ.

"ಅದು ಪರೀಕ್ಷೆ ಅಂತ ನಮಗೆ ಗೊತ್ತುಂಟು. ಅಬ್ರಹಾಮನಿಗೆ ಗೊತ್ತಿರ್ಲಿಲ್ಲ. ಆದ್ರೂ ಮೂರು ದಿನ ನಡೆದ" ಎಂದರು.

ಕೊನೆಗೆ ಪೊದೆಯಲ್ಲಿ ಟಗರು ಸಿಕ್ಕಿ, ಬದಲಿಗೆ ಅದನ್ನು ಬಲಿ ಕೊಟ್ಟು ಮಗ ಉಳಿದನೆಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಟೀಚರ್ ಗಂಡನೂ ಹಾಗೆಯೇ ಬದುಕಿ ಬರುತ್ತಾರೆಂದು ನನಗೆ ಖಾತ್ರಿಯಾಯಿತು.

ಶನಿವಾರ ಅವರ ದೇಹ ಸಿಕ್ಕಿತು.

ಊರಲ್ಲಿ ಮಣ್ಣು ಮಾಡಿ, ತಿಂಗಳ ನಂತರ ಟೀಚರ್ ಮರಳಿದರು. ಮೊದಲ ಕ್ಲಾಸಿನಲ್ಲೇ ನಾನು ಕೇಳಿಬಿಟ್ಟೆ: "ಟೀಚರ್, ನಿಮಗೆ ಯಾಕೆ ಟಗರು ಬರ್ಲಿಲ್ಲ?"

ಪಕ್ಕದಲ್ಲಿದ್ದ ಅಕ್ಕ ನನ್ನ ತೊಡೆ ಚಿವುಟಿದಳು. ಟೀಚರ್ ನನ್ನೆದುರು ಚಾಪೆಯ ಮೇಲೆಯೇ ಕೂತರು.

"ಗೊತ್ತಿಲ್ಲ ಮಗಾ. ದೇವರ ಹತ್ರ ಜಗಳವೇ ಮಾಡಿದ್ದೇನೆ. ಆದ್ರೆ ಜಗಳ ಮಾಡ್ಲಿಕ್ಕೂ ಅವರೇ ಬೇಕಲ್ಲ? ನಾನು ಎಷ್ಟು ಬೈದ್ರೂ ಅವರು ಎದ್ದು ಹೋಗ್ಲಿಲ್ಲ."

ಕಣ್ಣೊರೆಸಿಕೊಂಡು ಅಂದಿನ ಪಾಠ ಶುರು ಮಾಡಿದರು. ಆಮೇಲೆ ಊರಿಗೆ ಶಾಶ್ವತವಾಗಿ ಹೊರಡುವ ತನಕ, ಒಂದು ಶುಕ್ರವಾರವನ್ನೂ ಅವರು ತಪ್ಪಿಸಿದ್ದು ನನಗೆ ನೆನಪಿಲ್ಲ.

ಕಳೆದ ವರ್ಷ ಟೀಚರ್ ತೀರಿಕೊಂಡರು. ರಜೆ ಸಿಗದೆ ನನಗೆ ಹೋಗಲಾಗಲಿಲ್ಲ.

ಈ ವರ್ಷ ನನ್ನ ಮಗು ಹುಟ್ಟುವ ಮೊದಲೇ ಹೋಯಿತು. ಬಂದವರೆಲ್ಲ ಸಮಾಧಾನ ಹೇಳಿದರು. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ದೇವರೊಡನೆ ಗಟ್ಟಿಯಾಗಿ ಜಗಳವಾಡಿದೆ, ಕೇಳುತ್ತಿದ್ದಾರೆ ಎಂಬ ಪೂರ್ತಿ ನಂಬಿಕೆಯಿಂದ. ಹಾಗೆ ಮಾಡಿದೆ ಎಂದು ಫೋನ್ ಮಾಡಿ ಹೇಳೋಣವೆಂದರೆ, ಕಲಿಸಿದವರು ಈಗಿಲ್ಲ.