ಸದ್ದಿಲ್ಲದ ಫಟ್‌ಫಟಿ

ನನ್ನ ಮೊದಲ ಮೋಟಾರ್ ಸೈಕಲ್ಲನ್ನು ನಾನು ಕೊಂಡದ್ದು, ಊರು ಬಿಟ್ಟು ಹೊರಟಿದ್ದ ಒಬ್ಬ ಬಿಳಿಯ ಅರಣ್ಯಾಧಿಕಾರಿಯಿಂದ. ಮಾರುವಾಗ ಆತ ಬಹಳ ಸಂತೋಷದಿಂದಿದ್ದ. ಏಕೆಂದು ನನಗೆ ಮೊದಲ ಏರಿನಲ್ಲೇ ತಿಳಿಯಿತು. ಚಕ್ರ ತಿರುಗಿಸಲು ಒಂದು ಚರ್ಮದ ಪಟ್ಟಿ, ದೀಪಕ್ಕೆ ಕಾರ್ಬೈಡ್. ಶಕ್ತಿಯಲ್ಲಿ ಕೊರತೆ, ಬೆಳಕಿನಲ್ಲಿ ಕೊರತೆ, ಸದ್ದಿನಲ್ಲಿ ಮಾತ್ರ ಧಾರಾಳ. ಎದುರಿಗೆ ಏರು ಕಂಡಿತೆಂದರೆ ಕಾಲು ಗಂಟೆ ಕೆಮ್ಮಿ, ಗುದ್ದಾಡಿ, ಕಣಿವೆಯ ಆಚೆ ದಡದವರಿಗೂ ತನ್ನ ಕಷ್ಟ ಹೇಳಿಕೊಂಡೇ ಅದು ಮೇಲೆ ಹತ್ತುತ್ತಿತ್ತು.

ಆಗ ನಾನು ಶಿರಸಿಯಲ್ಲಿ ಡಾಕ್ಟರು. ಮೂವತ್ತರ ದಶಕದ ಮಾತು. ನಮ್ಮ ಮೂರೂ ತಾಲೂಕುಗಳಲ್ಲಿ ಚಳಿಜ್ವರಕ್ಕೆ ಪುರುಸೊತ್ತೆಂಬುದೇ ಇರಲಿಲ್ಲ. ಸೋಮವಾರ ಸಿದ್ದಾಪುರ, ಶುಕ್ರವಾರ ಯಲ್ಲಾಪುರ, ಉಳಿದ ದಿನ ಶಿರಸಿ. ನಾಲ್ಕೂವರೆಗೆ ಏಳುವುದು, ಆರೂ ಮುಕ್ಕಾಲಿಗೆ ಹೊರಡುವುದು. ನಾನು ಓದಿದ ಕಡೆ ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು. ಅಲ್ಲಿಂದ ಹೊರಬಿದ್ದ ಮೇಲೆ ನನಗೆ ಗಂಟೆ ಬಾರಿಸುವವರು ಇಲ್ಲದ್ದರಿಂದ ನಾನೇ ಊರವರಿಗೆಲ್ಲ ಬಾರಿಸತೊಡಗಿದೆ. ಸಿದ್ದಾಪುರದ ದಾರಿಯಲ್ಲಿ ನಾಲ್ಕು ಕಡೆ ನಿಲ್ಲುತ್ತಿದ್ದೆ, ಒಂದೊಂದು ಕಡೆ ಐದೇ ನಿಮಿಷ. ರೋಗಿಗಳು ರಸ್ತೆಗೆ ಬಂದಿರಬೇಕು. ಕ್ವಿನೈನ್ ಗುಳಿಗೆ ಏಳು ದಿನಕ್ಕೆ ಎಣಿಸಿ ಕೊಡುವುದು, ಎಂಟನೆಯ ದಿನಕ್ಕೆ ಒಂದೂ ಹೆಚ್ಚಿಲ್ಲ. ಹೆಚ್ಚು ಕೊಟ್ಟರೆ ಜನ ಅದನ್ನು ನೆಂಟರಿಗೆ ಹಂಚುತ್ತಾರೆ ಎಂಬುದು ನನ್ನ ಸಿದ್ಧಾಂತವಾಗಿತ್ತು.

ಆಶ್ಚರ್ಯವೆಂದರೆ ರೋಗಿಗಳು ಯಾವಾಗಲೂ ಬಂದೇ ಇರುತ್ತಿದ್ದರು. ಕೈಯಲ್ಲಿ ಗಡಿಯಾರವಿಲ್ಲದ ಜನ ನಿಮಿಷಕ್ಕೆ ಸರಿಯಾಗಿ ನಿಂತಿರುತ್ತಿದ್ದರು. ನಾನು ಕಲಿಸಿದ ಶಿಸ್ತು ಎಂದು ಮನೆಯಲ್ಲಿ ಹೇಳಿಕೊಳ್ಳುತ್ತಿದ್ದೆ. ಸಿದ್ದಾಪುರದ ದಾರಿಯ ದೊಡ್ಡ ಏರು ಮುಗಿದ ಮೇಲೆ, ಮನ್ಮನೆ ಎಂಬ ಹಳ್ಳಿಯ ಕಾಲುದಾರಿ ಬಂದು ಕೂಡುವಲ್ಲಿ ಒಬ್ಬ ಅಜ್ಜಿ ತನ್ನ ಸೊಸೆಯನ್ನು ನಡೆಸಿಕೊಂಡು ಬರುತ್ತಿದ್ದಳು. ಸೊಸೆಗೆ ಆರು ತಿಂಗಳು. ಮೈಯಲ್ಲಿ ರಕ್ತವಿಲ್ಲ, ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಮಗ ಯಲ್ಲಾಪುರದ ಕಡೆ ಮರ ಕಡಿಯುವ ಕೆಲಸಕ್ಕೆ ಹೋಗಿದ್ದ. "ಒಂದು ವಾರ ಗುಳಿಗೆ ತಪ್ಪಿದರೂ ತಾಯಿಗೂ ಅಪಾಯ, ಹೊಟ್ಟೆಯಲ್ಲಿರುವ ಮಗುವಿಗೂ ಅಪಾಯ" ಎಂದು ನಾನು ಬೆರಳೆತ್ತಿ ಹೇಳಿದ್ದೆ. ಅವರು ಒಂದು ವಾರವೂ ತಪ್ಪಿಸಿರಲಿಲ್ಲ.

ಹೀಗಿರುವಾಗ ಗಾಡಿಯ ಚೌಕಟ್ಟು ಒಂದು ದಿನ ಎರಡು ತುಂಡಾಯಿತು. ಬೆಸುಗೆ ಹಾಕಿಸಿ ಹೇಗೋ ಓಡಿಸುತ್ತಲೇ ಹುಬ್ಬಳ್ಳಿಯ ಏಜೆಂಟರಿಂದ ಕ್ಯಾಟಲಾಗು ತರಿಸಿದೆ. ಒಂದೇ ಮೋಟಾರ್ ಸೈಕಲ್ಲು, ಒಂದೇ ಎಂಜಿನ್ನು, ಆದರೆ ಎರಡು ನಮೂನೆ. ಒಂದು ಸ್ಪೋರ್ಟ್ಸ್: ಎತ್ತರದಲ್ಲಿ ಎರಡು ಹೊಗೆ ಕೊಳವೆ, ಹೆಸರಿಗೆ ಮಾತ್ರ ಸೈಲೆನ್ಸರ್. ಇನ್ನೊಂದು ಟೂರಿಂಗ್: ಸೋರೆಕಾಯಿಯಷ್ಟು ದಪ್ಪದ ಸೈಲೆನ್ಸರ್, ಕಾಲಿಗೆ ಕೆಸರು ತಾಗದ ಹಾಗೆ ತಗಡು, ವಿದ್ಯುತ್ ದೀಪ.

ಮನೆ ಕಟ್ಟುವಾಗ ಬಾರದ ಸಲಹೆ, ಹೆಣ್ಣು ನೋಡುವಾಗ ಬಾರದ ಸಲಹೆ, ಆಗ ಬಂತು. ಪಕ್ಕದ ಮನೆಯ ವಕೀಲರು ಸೈಕಲ್ಲನ್ನೂ ತುಳಿದವರಲ್ಲ. ಅವರು ಎರಡೂ ಚಿತ್ರಗಳನ್ನು ಕನ್ನಡಕ ಏರಿಸಿ ನೋಡಿ, "ಡಾಕ್ಟರೇ, ವೃತ್ತಿಗೆ ಒಂದು ಗಾಂಭೀರ್ಯ ಬೇಕು. ಸದ್ದಿಲ್ಲದ್ದನ್ನೇ ತೆಗೆದುಕೊಳ್ಳಿ" ಎಂದು ತೀರ್ಪು ಕೊಟ್ಟರು. ನಾನು ಮಧ್ಯಾಹ್ನ ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಅವರು ಮಲಗುತ್ತಿದ್ದರು ಎಂಬುದಕ್ಕೂ ಈ ತೀರ್ಪಿಗೂ ಸಂಬಂಧವಿರಲಿಕ್ಕಿಲ್ಲ.

ಯಲ್ಲಾಪುರದಲ್ಲಿ ಊರಿಂದೂರಿಗೆ ಜನರನ್ನು ಒಯ್ಯುವ ಸರ್ವಿಸ್ ಮೋಟಾರು ಓಡಿಸುತ್ತ, ಪಕ್ಕದ ಶೆಡ್ಡಿನಲ್ಲಿ ರಿಪೇರಿ ಮಾಡುತ್ತಿದ್ದ ಒಬ್ಬ ಸಾಹೇಬರಿದ್ದರು. ನನ್ನ ಹಳೆಯ ಗಾಡಿಯನ್ನು ಇಷ್ಟು ವರ್ಷ ಬದುಕಿಸಿದವರು ಅವರೇ.

"ಡಾಕ್ಟರ್ ಸಾಬ್, ಸದ್ದು ಮಾಡೋದೇ ತಗೊಳ್ರಿ" ಎಂದರು.

"ಏಕೆ?"

"ಫಟ್‌ಫಟಿ ಅಂದ್ರೆ ಫಟ್‌ಫಟ್ ಅನ್ಬೇಕ್ರಿ. ಸುಮ್ನೆ ಬಂದ್ರೆ ನೀವು ಬಂದದ್ದು ಯಾರಿಗ್ ಗೊತ್ತಾಗ್ತದ?"

ಎಂಜಿನ್ನಿನ ಜೊತೆ ಬದುಕುವವರಿಗೆ ಸದ್ದೇ ಸಂಗೀತ ಎಂದು ನಾನು ನಕ್ಕೆ. ತಿಳಿದವರು ಅವರೊಬ್ಬರೇ ಇದ್ದರು, ಅವರ ಮಾತನ್ನು ಹೀಗೆ ವಿಲೇವಾರಿ ಮಾಡಿದೆ.

ನಾನು ಶಿಸ್ತಿನ ಮನುಷ್ಯ. ಕಾಗದಕ್ಕೆ ನಡುವೆ ಗೆರೆ ಎಳೆದು ಎರಡು ಕಾಲಂ ಮಾಡಿ, ದೀಪ, ಟಯರು, ತೂಕ, ಕೆಸರು, ಸದ್ದು ಹೀಗೆ ಹತ್ತೊಂಬತ್ತು ಅಂಶ ಬರೆದು ಒಂದೊಂದಕ್ಕೂ ಅಂಕ ಹಾಕಿದೆ. ಟೂರಿಂಗ್ ಹದಿನಾಲ್ಕರಲ್ಲಿ ಗೆದ್ದಿತು. ಕಾಗದವನ್ನು ಹೆಂಡತಿಗೆ ತೋರಿಸಿದೆ. ಅವಳು ಮೇಲಿನಿಂದ ಕೆಳಗೆ ಓದಿ, "ಇದ್ರಲ್ಲಿ ರೋಗಿಗಳ ಕಾಲಂ ಎಲ್ಲಿದ್ದು?" ಎಂದಳು.

"ರೋಗಿಗಳು ಮೋಟಾರ್ ಸೈಕಲ್ ಹತ್ತುವುದಿಲ್ಲ" ಎಂದೆ.

"ಹಾಂಗಾರೆ ಅಡ್ಡಿಲ್ಲೆ, ತಗಳಿ" ಎಂದು ಒಳಗೆ ಹೋದಳು.

ಟೂರಿಂಗ್ ಬಂತು. ಅದರ ಗುಣವನ್ನು ಎಷ್ಟು ಹೊಗಳಿದರೂ ಸಾಲದು. ಒಲೆಯ ಮೇಲಿನ ಗಂಜಿಯ ಹಾಗೆ ಸಣ್ಣಗೆ ಗುಳುಗುಳು ಎನ್ನುತ್ತ ಏರನ್ನು ನಾಲ್ಕು ನಿಮಿಷದಲ್ಲಿ ಹತ್ತಿಬಿಡುತ್ತಿತ್ತು. ದನ ಬೆದರಲಿಲ್ಲ, ನಾಯಿ ಅಟ್ಟಿಸಿಕೊಂಡು ಬರಲಿಲ್ಲ, ವಕೀಲರು ಎಚ್ಚರಗೊಳ್ಳಲಿಲ್ಲ. ರೋಗಿಗಳೂ ಬರಲಿಲ್ಲ. ಮೊದಲ ಸೋಮವಾರ ನಾಲ್ಕು ನಿಲುಗಡೆಗೆ ಸೇರಿ ಇಬ್ಬರು. ಎರಡನೆಯ ವಾರ ಒಬ್ಬ, ಅವನೂ ದಾರಿ ಕೇಳಲು ನಿಂತವನು. ಮನ್ಮನೆಯ ಕೂಡುದಾರಿಯಲ್ಲಿ ಮೊದಲ ವಾರ ಗಡಿಯಾರ ಹಿಡಿದು ಐದು ನಿಮಿಷ ನಿಂತೆ. ಅತ್ತೆ ಸೊಸೆಯ ಹೆಸರಿನ ಮುಂದೆ 'ಗೈರುಹಾಜರಿ' ಎಂದು ಬರೆದೆ. ಎರಡನೆಯ ವಾರವೂ ಅದನ್ನೇ ಬರೆದೆ, ಸ್ವಲ್ಪ ಒತ್ತಿ.

ಇದರ ಕಾರಣವನ್ನು ನಾನು ಬಹಳ ವೈಜ್ಞಾನಿಕವಾಗಿ ಕಂಡುಹಿಡಿದೆ. "ನೋಡು, ಸಿದ್ದಾಪುರದ ದಾರಿಯಲ್ಲಿ ಚಳಿಜ್ವರ ಇಳಿದಿದೆ. ಇಷ್ಟು ವರ್ಷ ಬಿಡದೆ ಕೊಟ್ಟ ಕ್ವಿನೈನಿನ ಫಲ" ಎಂದು ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ.

"ಮೋಟಾರು ತಂದ ವಾರವೇ ಜ್ವರವೂ ಓಡಿ ಹೋತಾ? ಹಾಂಗಾರೆ ಭಾರೀ ಮೋಟಾರೇ ಇದು" ಎಂದು ಅವಳು ಮಜ್ಜಿಗೆ ಬಡಿಸಿದಳು.

ಮೂರನೆಯ ಸೋಮವಾರವೂ ಕೂಡುದಾರಿ ಖಾಲಿ. ನನಗೆ ಸಿಟ್ಟು ಬಂತು. ಬೆರಳೆತ್ತಿ ಹೇಳಿದ್ದ ರೋಗಿ ಮೂರು ವಾರ ತಪ್ಪಿಸಿದ್ದಳು. ಗಾಡಿಯನ್ನು ಮರಕ್ಕೆ ಒರಗಿಸಿ, ಚೆನ್ನಾಗಿ ಬೈದು ಬರುವುದೆಂದು ಅರ್ಧ ಮೈಲು ಗದ್ದೆಯ ಬದುವಿನ ಮೇಲೆ ನಡೆದುಹೋದೆ. ದಾರಿಯುದ್ದಕ್ಕೂ ಬೈಗುಳವನ್ನು ಕ್ರಮವಾಗಿ ಜೋಡಿಸಿಕೊಂಡಿದ್ದೆ.

ಅಂಗಳಕ್ಕೆ ಕಾಲಿಡುವ ಮೊದಲೇ ಅಜ್ಜಿ ಶುರುಮಾಡಿದಳು. "ಎಂತ ಡಾಕ್ಟ್ರೆ, ಈಗ ದಾರಿ ಸಿಕ್ತಾ? ಗುಳಿಗೆ ಮುಗ್ದು ಎಷ್ಟು ದಿನ ಆಯ್ತು ಗೊತ್ತುಂಟಾ?"

"ನಾನು ಪ್ರತಿ ಸೋಮವಾರ ಬಂದಿದ್ದೇನೆ. ಐದು ನಿಮಿಷ ನಿಂತಿದ್ದೇನೆ. ಬರೆದಿಟ್ಟಿದ್ದೇನೆ."

"ಬಂದಿದ್ರೆ ಕೇಳ್ತಿರ್ಲಿಲ್ವಾ? ನಿಮ್ಮ ಗಾಡಿ ಆ ಏರು ಹತ್ತೋವಾಗ ನಮ್ಮ ಕೊಟ್ಟಿಗೆಯ ಎಮ್ಮೆ ಎದ್ದು ನಿಲ್ತಿತ್ತು. ಅದು ಎದ್ದ ಕೂಡ್ಲೇ ನಾವು ಹೊರಡೋದು, ನಾವು ಮುಟ್ಟೋದಕ್ಕೂ ನೀವು ಮುಟ್ಟೋದಕ್ಕೂ ಸರಿ ಆಗ್ತಿತ್ತು. ಈ ಸ್ಥಿತಿಯಲ್ಲಿ ಇವಳನ್ನ ಬೆಳಗಿಂದ ರಸ್ತೆ ಮೇಲೆ ನಿಲ್ಸೋಕಾಗ್ತದಾ? ನೀವು ಕಳ್ಳರ ಹಾಗೆ ಸುಮ್ನೆ ಬಂದು ಸುಮ್ನೆ ಹೋದ್ರೆ ನಾವೆಂತ ಮಾಡೋದು?"

ನಾನು ಕಲಿಸಿದ ಶಿಸ್ತು ಎಂದರೆ ಇದು. ಎಮ್ಮೆ ಕಲಿಸಿದ್ದು.

ಒಳಗೆ ಸೊಸೆ ಮೂರು ಕಂಬಳಿ ಹೊದ್ದು ನಡುಗುತ್ತಿದ್ದಳು. ಕಣ್ಣು ಹಳದಿಯಾಗಿತ್ತು, ಜ್ವರದಲ್ಲಿ ಏನೇನೋ ಬಡಬಡಿಸುತ್ತಿದ್ದಳು. ಮಗುವಿನ ಮಿಡಿತ ಹುಡುಕಲು ನನಗೆ ಬಹಳ ಹೊತ್ತು ಬೇಕಾಯಿತು. ಕೊನೆಗೆ ಸಿಕ್ಕಿತು. ಜೋಡಿಸಿ ತಂದಿದ್ದ ಬೈಗುಳ ಎಲ್ಲಿ ಹೋಯಿತೋ ಗೊತ್ತಿಲ್ಲ. ಸೂಜಿ ಹಾಕಿದೆ, ಅಲ್ಲೇ ಕೂತೆ. ಸಿದ್ದಾಪುರದವರು ಆ ಸೋಮವಾರ ಡಾಕ್ಟರನ್ನು ಕಾಣಲಿಲ್ಲ. ಮತ್ತೆ ಆರು ದಿನ, ದಿನವೂ ಹೋದೆ. ಯಲ್ಲಾಪುರದ ಶುಕ್ರವಾರ ಮೊದಲ ಬಾರಿಗೆ ತಪ್ಪಿತು. ಏಳನೆಯ ದಿನ ಜ್ವರ ಬಿಟ್ಟಿತು. ಅವಳು ಗಂಜಿಗೆ ಉಪ್ಪಿನಕಾಯಿ ಕೇಳಿದಳು. ಹೊರಡುವಾಗ ಏಳು ದಿನದ್ದಲ್ಲ, ಒಂದು ತಿಂಗಳ ಗುಳಿಗೆ ಕೊಟ್ಟೆ.

ಗಾಡಿ ಬದಲಿಸಿಕೊಡಿ ಎಂದು ಏಜೆಂಟರಿಗೆ ಬರೆದೆ. ಸದ್ದು ಕಡಿಮೆ ಎಂಬ ದೂರು ತಮಗೆ ಇದುವರೆಗೆ ಯಾರಿಂದಲೂ ಬಂದಿಲ್ಲವೆಂದು ಅವರು ವಿನಯದಿಂದ ಉತ್ತರಿಸಿದರು. ಹಾರ್ನ್ ಬಾರಿಸುತ್ತ ಏರು ಹತ್ತಿ ನೋಡಿದೆ. ಅದರ ಸದ್ದು ಗುಡ್ಡ ದಾಟಲಿಲ್ಲ. ಕೊನೆಗೆ ಸಾಹೇಬರ ಬಳಿ ಹೋದೆ.

"ನಾ ಹೇಳಿರ್ಲಿಲ್ಲೇನ್ರಿ?" ಎಂದು ಅವರು ಕೇಳಲಿಲ್ಲ. ತಗಡು ಕೊರೆಯುವ ಕೈ ಬೈರಿಗೆ ತೆಗೆದುಕೊಂಡು ನಕ್ಕರು. ಅದು ಇನ್ನೂ ಕಷ್ಟವಾಯಿತು. "ಸೈಲೆನ್ಸರ್‌ಗೆ ತೂತು ಹಾಕೋಣ, ಡಾಕ್ಟರ್ ಸಾಬ್. ಆದ್ರೆ ಎಷ್ಟು ಅಂತ ನಾ ಹೇಳಾಕಾಗೂದಿಲ್ಲ. ಕೇಳೋರೇ ಹೇಳ್ಬೇಕು."

ಹಾಗೆ ಒಂದು ಭಾನುವಾರ ಇಬ್ಬರೂ ಹೋದೆವು. ಸಾಹೇಬರು ಗಾಡಿಯೊಂದಿಗೆ ಏರಿನ ಬುಡದಲ್ಲಿ ಉಳಿದರು. ಒಂದು ತೂತು ಕೊರೆಯುವುದು, ಏರು ಹತ್ತುವುದು, ಇಳಿದು ಬಂದು ಇನ್ನೊಂದು ಕೊರೆಯುವುದು. ಒಟ್ಟು ಆರು ಸಲ ಎಂದು ಮಾತಾಗಿತ್ತು. ನಾನು ಗಡಿಯಾರ, ಪೆನ್ಸಿಲ್ಲು ಹಿಡಿದು ಮನ್ಮನೆಯ ಅಜ್ಜಿಯ ಜಗಲಿಯ ಮೇಲೆ ಕೂತು, ಯಾವ ಸಲ ಕೇಳಿಸುತ್ತದೆ ಹೇಳು ಎಂದೆ. ಅವಳು ಹೂಂ ಎಂದು ಅಡಕೆ ಸುಲಿಯುತ್ತ ಕೂತಳು.

ಮೊದಲನೆಯದು, ಎರಡನೆಯದು ನನಗೂ ಕೇಳಲಿಲ್ಲ. ಮೂರನೆಯದಕ್ಕೆ ತಲೆಯೆತ್ತಿ, "ಅದು ಲಾರಿ" ಎಂದಳು. ನಾಲ್ಕನೆಯದಕ್ಕೂ ಲಾರಿಯೇ, "ಎಲ್ಲೋ ಮರ ಹೇರಿಕೊಂಡು ಹೋಗ್ತದೆ." ಎರಡನ್ನೂ ಬರೆದುಕೊಂಡೆ.

ಐದನೆಯ ಸಲ ಗುಡ್ಡದ ಆಚೆಯಿಂದ ಗುದ್ದಾಡುವ ಸದ್ದು ಬಂತು. ಕೊಟ್ಟಿಗೆಯಲ್ಲಿ ಎಮ್ಮೆ ಎದ್ದು ನಿಂತಿತು. ಅಜ್ಜಿ ಕತ್ತಿ ಕೆಳಗಿಟ್ಟು, ಮೂಲೆಯ ಕೊಡೆ ಎತ್ತಿಕೊಂಡು ಒಳಗೆ ಕೂಗಿದಳು: "ಏಳೇ, ಡಾಕ್ಟ್ರು ಬಂದ್ರು!"

"ಅಜ್ಜೀ, ನಾನು ಇಲ್ಲೇ ಇದ್ದೇನೆ" ಎಂದೆ.

"ಹೌದು, ಹೌದು, ನೀವು ಕೂತಿರಿ" ಎಂದು ಅವಳು ಸೊಸೆಯ ಕೈ ಹಿಡಿದು ಅಂಗಳ ದಾಟಿ ರಸ್ತೆಯ ಕಡೆ ನಡೆದೇಬಿಟ್ಟಳು.